ಕಾವೇರಿ ಬಂದ ಮೇಲೂ ಆರ್‌ಓ ಬೇಕೆ? ಎರಡು ನೀರಿನ ಒಂದು ಮನೆಯ ಪ್ರಕರಣ

ಬೆಂಗಳೂರಿನ ದಕ್ಷಿಣದ ಅಂಚು. 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಲ್ಲೊಂದು. 30×40 ಸೈಟಿನಲ್ಲಿ ನೆಲಮಹಡಿ, ಅದರ ಮೇಲೊಂದು ಮಹಡಿ. ಕೆಳಗೆ ಅಜ್ಜ, ಅಜ್ಜಿ, ಮಗ, ಏಳು ತಿಂಗಳ ಗರ್ಭಿಣಿ ಸೊಸೆ, ಐದು ವರ್ಷದ ಮೊಮ್ಮಗಳು, ಮೇಲೆ ಬಾಡಿಗೆಯವರು. ಮನೆ ಕಟ್ಟಿದಾಗಿನಿಂದ ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಟ್ಯಾಂಕರ್. ಕಾವೇರಿ ಐದನೇ ಹಂತ 2024ರ ಅಕ್ಟೋಬರ್ 16ರಂದು ತೊರೆಕಾಡನಹಳ್ಳಿಯಲ್ಲಿ ಉದ್ಘಾಟನೆಯಾದ ಮೇಲೆ ಇವರ ಬೀದಿಗೂ ಪೈಪು ಬಂತು. ಈಗ ವಾರಕ್ಕೆ ಎರಡು ದಿನ ಕಾವೇರಿ ಬರುತ್ತದೆ, ಬಂದದ್ದು 6,000 ಲೀಟರಿನ ಸಂಪಿಗೆ ಬೀಳುತ್ತದೆ. ಬೋರ್‌ವೆಲ್ ನೀರೂ ಅದೇ ಸಂಪಿಗೆ.

ಇದು ಒಂದೇ ವಿಳಾಸದ ಕತೆಯಲ್ಲ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪರಿಸ್ಥಿತಿಯನ್ನು ಒಂದು ಮನೆಯಲ್ಲಿ ಕೂಡಿಸಿ ಬರೆದ ಮಾದರಿ ಪ್ರಕರಣ. ಅಂಕಿಗಳು ಈ ಮಾದರಿಯವು, ಲೆಕ್ಕ ಹಾಕುವ ಕ್ರಮ ಎಲ್ಲರದು.

ತಕರಾರು ಶುರುವಾದದ್ದು ಅಡುಗೆಮನೆಯ ಗೋಡೆಯ ಮೇಲಿನ ಏಳು ವರ್ಷದ ಆರ್‌ಓ (ರಿವರ್ಸ್ ಆಸ್ಮೋಸಿಸ್, ಅಂದರೆ ನೀರನ್ನು ಪೊರೆಯ ಮೂಲಕ ಒತ್ತಿ ಲವಣ ತಡೆಯುವ) ಯಂತ್ರದಿಂದ. ತುಂಬಲು ಹೊತ್ತು ಹಿಡಿಯುತ್ತಿದೆ, ಸಿಂಕಿಗೆ ಹೋಗುವ ಬಿಳಿ ಕೊಳವೆ ದಿನವಿಡೀ ಸುರಿಯುತ್ತಿದೆ. ಸರ್ವಿಸ್‌ನವರ ಮಾತು, ಹೊಸದು ಹಾಕಿಸಿ, ತಾಮ್ರ, ಆಲ್ಕಲೈನ್ ಎಲ್ಲ ಇರುವ ಮಾದರಿ, ವಿನಿಮಯ ಕಳೆದು 18,000. ಅಜ್ಜಿಗೆ ಆರ್‌ಓ ನೀರು ಸಪ್ಪೆ, ಕಾವೇರಿ ಬಂತಲ್ಲ, ಕಾಯಿಸಿ ಕುಡಿದರಾಯಿತು. ಮಗನಿಗೆ ಕ್ಯಾನ್ ತರಿಸುವುದೇ ನಿಶ್ಚಿಂತೆ. ಮೂವರೂ ಪೂರ್ತಿ ತಪ್ಪಿಲ್ಲ, ಆದರೆ ಸಂಪಿನಲ್ಲಿ ಏನಿದೆ ಎಂದು ನೋಡದೆಯೇ ಮಾತಾಡುತ್ತಿದ್ದಾರೆ.

ಮೊದಲು ಅಳತೆ

ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ತೋರಿಸುವ ಪೆನ್ನು ಇನ್ನೂರು, ಮುನ್ನೂರು ರೂಪಾಯಿಗೆ ಸಿಗುತ್ತದೆ. ಅದು ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು. ಆ ಅಂಕಿಯನ್ನು 0.5ರಿಂದ 0.7ರವರೆಗಿನ ಯಾವುದೋ ಒಂದು ಗುಣಕದಿಂದ ಗುಣಿಸಿ ಕರಗಿದ ಲವಣದ ಅಂದಾಜು ಹೇಳುತ್ತದೆ. ಬ್ಯಾಕ್ಟೀರಿಯ ಅದಕ್ಕೆ ಕಾಣದು. ಫ್ಲೋರೈಡ್, ನೈಟ್ರೇಟ್ ಬೇರೆ ಬೇರೆಯಾಗಿ ಕಾಣದು. ಚರಂಡಿ ನೀರು ತುಸು ಬೆರೆತ ಕಾವೇರಿಯೂ ಪೆನ್ನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಈ ಮನೆಯ ಓದು (ಲೀಟರಿಗೆ ಮಿಲಿಗ್ರಾಂ): ಮೀಟರಿನ ಬಳಿ ಹಿಡಿದ ಕಾವೇರಿ 210, ಬೋರ್‌ವೆಲ್ 980, ಆ ದಿನ ಸಂಪಿನಲ್ಲಿದ್ದ ಬೆರಕೆ ನೀರು 430, ಆರ್‌ಓ ನಲ್ಲಿಯಲ್ಲಿ 26.

ಪೆನ್ನಿಗಿಂತ ನಾಟಕೀಯವಾದ ಇನ್ನೊಂದು ‘ಪರೀಕ್ಷೆ’ಯೂ ಮನೆಬಾಗಿಲಿಗೆ ಬಂದಿತ್ತು. ಎರಡು ಲೋಟ, ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಓ ನೀರು. ಎರಡಕ್ಕೂ ಲೋಹದ ಕಡ್ಡಿಗಳ ಉಪಕರಣ ಇಳಿಸಿ ಕರೆಂಟು ಕೊಟ್ಟರೆ ನಲ್ಲಿ ನೀರು ಅರ್ಧ ನಿಮಿಷದಲ್ಲಿ ಕಂದು, ಹಸಿರು ರಾಡಿ. "ನೋಡಿ ಅಮ್ಮ, ಇಷ್ಟು ದಿನ ನೀವು ಕುಡೀತಿದ್ದದ್ದು ಇದೇ." ಆ ರಾಡಿ ನೀರಿನದಲ್ಲ, ಕಡ್ಡಿಯದು. ಕಬ್ಬಿಣದ ಕಡ್ಡಿ ಕರೆಂಟಿಗೆ ಕರಗಿ ತುಕ್ಕಾಗುತ್ತದೆ. ಆರ್‌ಓ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಹರಿಯದು, ಹಾಗಾಗಿ ಅದು ತಿಳಿಯಾಗಿಯೇ ಉಳಿಯುತ್ತದೆ. ಆರ್‌ಓ ಲೋಟಕ್ಕೆ ಒಂದು ಚಿಟಿಕೆ ಉಪ್ಪು ಹಾಕಿ ಮತ್ತೊಮ್ಮೆ ಮಾಡಿ ಎಂದರೆ ಪ್ರದರ್ಶನ ಅಲ್ಲಿಗೆ ಮುಗಿಯುತ್ತದೆ.

ನಿಜವಾದ ಉತ್ತರಕ್ಕೆ ಎನ್‌ಎಬಿಎಲ್ (ಪರೀಕ್ಷಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೇ ಹೋಗಬೇಕು. ಮಾದರಿ ತೆಗೆಯುವುದರಲ್ಲೇ ಅರ್ಧ ತಪ್ಪುಗಳಾಗುತ್ತವೆ. ರಾಸಾಯನಿಕ ಪರೀಕ್ಷೆಗೆ ಅದೇ ನೀರಿನಲ್ಲಿ ಮೂರು ಸಲ ಗಲಬರಿಸಿದ ಒಂದೆರಡು ಲೀಟರಿನ ಸ್ವಚ್ಛ ಬಾಟಲಿ ಸಾಕು. ಬ್ಯಾಕ್ಟೀರಿಯ ಪರೀಕ್ಷೆಗೆ ಅದು ಆಗದು. ಲ್ಯಾಬಿನವರೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಕ್ಲೋರಿನ್ ಹಾಕಿದ ನೀರಾದರೆ ಅದನ್ನು ಹೇಳಿ ಥಯೋಸಲ್ಫೇಟ್ ಇರುವ ಬಾಟಲಿ ಕೇಳಬೇಕು. ಇಲ್ಲವಾದರೆ ದಾರಿಯಲ್ಲಿ ಕ್ಲೋರಿನ್ ತನ್ನ ಕೆಲಸ ಮುಂದುವರಿಸಿ ಫಲಿತಾಂಶ ಸುಳ್ಳಾಗುತ್ತದೆ. ನಲ್ಲಿಯ ತುದಿಯ ಜಾಲರಿ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಮೂರು ನಿಮಿಷ ನೀರು ಬಿಟ್ಟು, ಬಾಟಲಿಯ ಬಾಯಿಗೆ ಬೆರಳು ತಾಗದಂತೆ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿದರೆ ಒಳ್ಳೆಯದು.

ಕಾವೇರಿ, ಮೀಟರಿನ ಬಳಿ: ಗಡಸುತನ 110, ನೈಟ್ರೇಟ್ 6, ಫ್ಲೋರೈಡ್ 0.3, ಉಳಿಕೆ ಕ್ಲೋರಿನ್ 0.3 (ಎಲ್ಲವೂ ಲೀಟರಿಗೆ ಮಿಲಿಗ್ರಾಂ), ಕೋಲಿಫಾರ್ಮ್ (ಕೊಳಚೆ ಬೆರೆತಿರಬಹುದೆಂದು ಸೂಚಿಸುವ ಬ್ಯಾಕ್ಟೀರಿಯ) ಇಲ್ಲ. ಬೋರ್‌ವೆಲ್: ಗಡಸುತನ 540, ನೈಟ್ರೇಟ್ 72, ಫ್ಲೋರೈಡ್ 0.9. ಸಂಪು: ಉಳಿಕೆ ಕ್ಲೋರಿನ್ ಸೊನ್ನೆ, ಕೋಲಿಫಾರ್ಮ್ ಇದೆ.

ನಿರ್ಧರಿಸಿದ ಅಂಕಿ 980 ಅಲ್ಲ, 72

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500. ಟಿಡಿಎಸ್‌ಗೆ ಅದರ ಅಪೇಕ್ಷಿತ ಮಿತಿ 500, ಬೇರೆ ನೀರು ಇಲ್ಲದಿದ್ದರೆ 2,000. ಗಡಸುತನಕ್ಕೆ 200, ಬೇರೆ ಗತಿಯಿಲ್ಲದಿದ್ದರೆ 600. ಹಾಗೆ ನೋಡಿದರೆ ಬೋರ್‌ವೆಲ್ ನೀರು ರುಚಿಗೆ ಕೆಟ್ಟದಾದರೂ ಪಟ್ಟಿಯಲ್ಲಿ ತೇರ್ಗಡೆ. ನೈಟ್ರೇಟಿಗೆ ಮಾತ್ರ 45 ಒಂದೇ ಮಿತಿ, ಸಡಿಲಿಕೆ ಇಲ್ಲ. ಈ ನೀರು ಅಲ್ಲಿ ಅನುತ್ತೀರ್ಣ.

ಒಳಚರಂಡಿ ತಡವಾಗಿ ಬಂದ ಬಡಾವಣೆಗಳಲ್ಲಿ ವರ್ಷಗಟ್ಟಲೆ ಗುಂಡಿಗೆ ಇಳಿದ ಶೌಚದ ನೀರು ಅಂತರ್ಜಲಕ್ಕೆ ಕೊಟ್ಟ ಉಡುಗೊರೆ ಇದು. ದೊಡ್ಡವರಿಗೆ ತಕ್ಷಣ ಏನೂ ಅನ್ನಿಸದು. ಆರು ತಿಂಗಳೊಳಗಿನ ಮಗುವಿಗೆ ಇಂಥ ನೀರಿನಲ್ಲಿ ಹಾಲಿನ ಪುಡಿ ಕದಡಿ ಕುಡಿಸಿದರೆ ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕುಂದಿ ಮೈ ನೀಲಿಗಟ್ಟುವ ಅಪಾಯವಿದೆ. ಎರಡು ತಿಂಗಳಲ್ಲಿ ಈ ಮನೆಗೆ ಕೂಸು ಬರಲಿದೆ.

ನೈಟ್ರೇಟ್ ಕುದಿಸಿದರೆ ಹೋಗದು; ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಯುವಿ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕಿನ) ದೀಪ ಅದನ್ನು ಮುಟ್ಟದು, ಯುಎಫ್ (ಸಣ್ಣ ರಂಧ್ರದ ಸೋಸುವ) ಪೊರೆಯಲ್ಲಿ ಅದು ಸಲೀಸಾಗಿ ನುಸುಳುತ್ತದೆ. ಮನೆಯಲ್ಲಿ ಸಿಗುವ ಯಂತ್ರಗಳಲ್ಲಿ ಅದನ್ನು ತಡೆಯುವುದು ಆರ್‌ಓ. ಅಂದರೆ ಬೋರ್‌ವೆಲ್ ಮಾತ್ರ ಇದ್ದ ಕಾಲದಲ್ಲಿ ಈ ಮನೆ ಆರ್‌ಓ ಕೊಂಡದ್ದು ಸರಿಯೇ ಆಗಿತ್ತು, ಕಾರಣ ಗೊತ್ತಿಲ್ಲದೆಯೇ. ಕಾವೇರಿಗೆ ಅದು ಬೇಕಿಲ್ಲ: ಲವಣ ಕಡಿಮೆ, ನೈಟ್ರೇಟ್ ನಗಣ್ಯ, ಉಳಿದಿರುವುದು ಸಂಪಿನಲ್ಲಿ ಸೇರಿಕೊಂಡ ಬ್ಯಾಕ್ಟೀರಿಯ ಮಾತ್ರ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬಳಕೆಗೆ ಕಡಿವಾಣ ಹಾಕಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇಂಥ ನೀರನ್ನು ಕುರಿತೇ.

ಊರು ಬದಲಾದರೆ ಉತ್ತರ ಬದಲು. ಕೋಲಾರ, ಪಾವಗಡ ಕಡೆಯ ಕೊಳವೆಬಾವಿಯಲ್ಲಿ ಫ್ಲೋರೈಡ್ 1.5 ದಾಟಿದರೆ ಆರ್‌ಓ ಬೇಡ ಎನ್ನುವಂತಿಲ್ಲ. ಐದು ರೂಪಾಯಿ ನಾಣ್ಯ ಹಾಕಿ ಬಿಂದಿಗೆ ತುಂಬಿಸಿಕೊಳ್ಳುವ ಹಳ್ಳಿಯ ಶುದ್ಧ ನೀರಿನ ಘಟಕದ ಒಳಗಿರುವುದೂ ಅದೇ. ಉಡುಪಿಯ ಕೆಂಪುಕಲ್ಲಿನ ಬಾವಿ ನೀರಿನ ಟಿಡಿಎಸ್ ಎಷ್ಟೋ ಕಡೆ 100ನ್ನೂ ಮುಟ್ಟದು, ಅಲ್ಲಿನ ತೊಂದರೆ ಮಳೆಗಾಲದ ಕೋಲಿಫಾರ್ಮ್. ಅಲ್ಲಿ ಆರ್‌ಓ ಹಾಕಿಸುವುದು ಕೊಡೆ ಹಿಡಿದು ಸ್ನಾನ ಮಾಡಿದಂತೆ.

ಬೆರಕೆಯ ಲೆಕ್ಕ

ಸಂಪಿನ ಓದು 430 ಅಂದರೆ ಅದರಲ್ಲಿ ಬೋರ್‌ವೆಲ್ ಪಾಲು ಎಷ್ಟು? ಕಾವೇರಿ 210, ಬೋರ್‌ವೆಲ್ 980, ವ್ಯತ್ಯಾಸ 770. 430ರಲ್ಲಿ 210 ಕಳೆದರೆ 220. ಅದನ್ನು 770ರಿಂದ ಭಾಗಿಸಿದರೆ ಸುಮಾರು ಶೇ 29. ಇದೇ ಪಾಲಿನಲ್ಲಿ ನೈಟ್ರೇಟ್ ಸುಮಾರು 25. ಸದ್ಯಕ್ಕೆ ಮಿತಿಯೊಳಗೆ. ಬೇಸಿಗೆಯಲ್ಲಿ ಕಾವೇರಿ ಕಡಿಮೆಯಾಗಿ ಬೋರ್‌ವೆಲ್ ಪಾಲು ಶೇ 70ಕ್ಕೇರಿದರೆ 52. 45ರ ಗೆರೆ ದಾಟುವುದು ಬೋರ್‌ವೆಲ್ ಪಾಲು ಶೇ 59 ಆದಾಗ, ಆಗ ಪೆನ್ನು ತೋರಿಸುವುದು ಸುಮಾರು 665.

ಹೀಗೆ ಪೆನ್ನಿಗೆ ಕಾಣದ ನೈಟ್ರೇಟನ್ನು ಈ ಮನೆಯಲ್ಲಿ ಪೆನ್ನಿನಿಂದಲೇ ಊಹಿಸಬಹುದು. ಸ್ವಲ್ಪ ಅಂತರವಿರಲಿ ಎಂದು ಗೆರೆಯನ್ನು 500ಕ್ಕೆ ಎಳೆದರೆ, ಸಂಪು 500 ದಾಟಿದ ದಿನ ಆರ್‌ಓ ಇಲ್ಲದೆ ಆ ನೀರು ಕುಡಿಯುವಂತಿಲ್ಲ. ಲ್ಯಾಬಿನಲ್ಲಿ ಅಳೆದ ಇದೇ ಎರಡು ನೀರಿಗೆ ಮಾತ್ರ ಈ ಲೆಕ್ಕ ಸಲ್ಲುತ್ತದೆ. ಟ್ಯಾಂಕರ್ ಬಂದ ದಿನ ಕೆಟ್ಟಿತು, ಏಕೆಂದರೆ ಅದು ಯಾವ ಊರಿನ ಬೋರ್‌ವೆಲ್ಲೋ ಯಾರಿಗೂ ತಿಳಿಯದು.

ಹೊಸ ಆರ್‌ಓದಲ್ಲಿ ‘ರುಚಿಗೆ ತಕ್ಕಂತೆ ಟಿಡಿಎಸ್ ಹೊಂದಿಸುವ’ ತಿರುಪು ಇದೆ ಎಂದು ಮಾರುವವರು ಹೊಗಳುತ್ತಾರೆ. ಆ ತಿರುಪು ಮಾಡುವುದಿಷ್ಟೇ: ಪೊರೆ ದಾಟದ ಒಂದಿಷ್ಟು ನೀರನ್ನು ಅಡ್ಡದಾರಿಯಲ್ಲಿ ತಂದು ಶುದ್ಧ ನೀರಿಗೆ ಬೆರೆಸುತ್ತದೆ. ಪೂರ್ತಿ ಬೋರ್‌ವೆಲ್ ನೀರು ಒಳಹೋಗುತ್ತಿದ್ದು, ಪೊರೆ ನೈಟ್ರೇಟಿನಲ್ಲಿ ಶೇ 85 ತಡೆಯುತ್ತದೆ ಎಂದಿಟ್ಟುಕೊಂಡರೆ ಹೊರಬರುವುದು 11. ತಿರುಪು ಅರ್ಧ ತೆರೆದು ಅರ್ಧಕ್ಕರ್ಧ ಬೆರೆಸಿದರೆ ಸುಮಾರು 41. ಬೇಸಿಗೆಯಲ್ಲಿ ಬೋರ್‌ವೆಲ್ ನೈಟ್ರೇಟ್ 110ಕ್ಕೆ ಹೋದರೆ ಅದೇ ತಿರುಪಿನಲ್ಲಿ 63. ಬ್ಯಾಕ್ಟೀರಿಯ ಸತ್ತಿರುತ್ತದೆ, ರುಚಿ ಚೆನ್ನಾಗಿರುತ್ತದೆ, ನೈಟ್ರೇಟ್ ಮಿತಿ ಮೀರಿರುತ್ತದೆ. ನೈಟ್ರೇಟ್ ಅಥವಾ ಫ್ಲೋರೈಡ್‌ಗಾಗಿ ಆರ್‌ಓ ಇಟ್ಟವರು ಈ ತಿರುಪನ್ನು ಪೂರ್ತಿ ಮುಚ್ಚಿಸಬೇಕು. ರುಚಿ ಬೇಕಿದ್ದರೆ ಪೊರೆಯ ನಂತರ ಕೂರಿಸುವ ಖನಿಜದ ಕಾರ್ಟ್ರಿಜ್ ಆಗಬಹುದು, ಅದು ಅಡ್ಡದಾರಿಯಲ್ಲ.

ಖನಿಜ ಹೋಯಿತೆಂಬ ಅಳಲನ್ನೂ ಅಳತೆಯಲ್ಲೇ ನೋಡಬೇಕು. ಲೀಟರಿಗೆ 25 ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದರೆ 50 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ 340ರಿಂದ 360 ಮಿಲಿಗ್ರಾಂ ಇದೆ. ಹದಿನೈದು ಗ್ರಾಂ ಹಿಟ್ಟು, ಅಂದರೆ ಮುದ್ದೆಯ ಒಂದು ಸಣ್ಣ ತುತ್ತು, ಆ ಲೆಕ್ಕ ಸರಿದೂಗಿಸುತ್ತದೆ. ಆಲ್ಕಲೈನ್ ಕಾರ್ಟ್ರಿಜ್ಜಿಗೂ ಇದೇ ಗತಿ. ಜಠರದ ಆಮ್ಲದ ಪಿಎಚ್ ಎರಡರ ಆಸುಪಾಸು, ಪಿಎಚ್ 9ರ ನೀರು ಅಲ್ಲಿ ಒಂದು ಗುಟುಕಿಗೂ ನಿಲ್ಲದು. ತಾಮ್ರದ ಚೊಂಬಿನಲ್ಲಿ ರಾತ್ರಿಯಿಡೀ ಇಟ್ಟ ನೀರಿಗೂ ತಾಮ್ರದ ತುಣುಕಿನ ಮೇಲೆ ಕೆಲವೇ ಕ್ಷಣ ಹರಿದ ನೀರಿಗೂ ಹೋಲಿಕೆಯಿಲ್ಲ. ಇವಕ್ಕೆಂದು ನಾಲ್ಕೈದು ಸಾವಿರ ಹೆಚ್ಚು ಕೊಡುವುದು ದಂಡ.

ಹಳೆಯ ಯಂತ್ರ ಸತ್ತಿದೆಯೇ?

ಸತ್ತಿಲ್ಲ. ಹೊಸದು ಕೊಳ್ಳುವ ಮುನ್ನ ಎರಡು ಪರೀಕ್ಷೆ, ಎರಡಕ್ಕೂ ದುಡ್ಡಿಲ್ಲ.

ಒಂದು, ತಡೆಯುವ ಪ್ರಮಾಣ. ಒಳಗೆ 430, ಹೊರಗೆ 26. ಅಂದರೆ ಶೇ 94 ತಡೆಯುತ್ತಿದೆ. ಶೇ 90ರ ಮೇಲಿದ್ದರೆ ಪೊರೆ ಚೆನ್ನಾಗಿದೆ, 80ರ ಕೆಳಗಿಳಿದರೆ ಬದಲಿಸುವ ಕಾಲ. ಇದನ್ನು ನೋಡುವಾಗ ಟಿಡಿಎಸ್ ತಿರುಪು ಮುಚ್ಚಿರಬೇಕು, ಇಲ್ಲವಾದರೆ ಬೆರಕೆಯನ್ನು ಅಳೆದು ಪೊರೆಯನ್ನು ದೂರಿದಂತಾಗುತ್ತದೆ.

ಎರಡು, ಬಕೆಟ್ ಪರೀಕ್ಷೆ. ಶುದ್ಧ ನೀರಿನ ಕೊಳವೆಯನ್ನೂ ತ್ಯಾಜ್ಯದ ಕೊಳವೆಯನ್ನೂ ಬೇರೆ ಬೇರೆ ಪಾತ್ರೆಗೆ ಐದು ನಿಮಿಷ ಬಿಡಬೇಕು. ಇಲ್ಲಿ ಶುದ್ಧ ನೀರು 650 ಮಿಲಿ, ತ್ಯಾಜ್ಯ 2.6 ಲೀಟರ್. ಅಡುಗೆಮನೆ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ದಿನಕ್ಕೆ 75 ಗ್ಯಾಲನ್ನಿನ ಪೊರೆ ಐದು ನಿಮಿಷಕ್ಕೆ ಒಂದು ಲೀಟರಿನ ಹತ್ತಿರ ಕೊಡಬೇಕು. ಲವಣ ತಡೆಯುವುದು ಚೆನ್ನಾಗಿದ್ದು ಹರಿವು ಕುಗ್ಗಿದೆ ಎಂದರೆ ಗಡಸು ನೀರಿನ ಸುಣ್ಣ ಪೊರೆಯ ಮೇಲೆ ಕಟ್ಟಿದೆ, ಅಥವಾ ಮುಂದಿನ ಸೆಡಿಮೆಂಟ್ ಫಿಲ್ಟರ್ ಕಟ್ಟಿ ಪಂಪಿಗೆ ನೀರು ಸಾಲದಾಗಿದೆ. ಮೊದಲು ಅಗ್ಗದ ಫಿಲ್ಟರ್ ಬದಲಿಸಿ ನೋಡಬೇಕು. ತದ್ವಿರುದ್ಧವಾಗಿ, ಹರಿವು ಹೆಚ್ಚಿ ಟಿಡಿಎಸ್ಸೂ ಏರಿದ್ದರೆ ಪೊರೆ ಹರಿದಂತೆ. ಹೆಚ್ಚಿನ ಸಲ ಅದಕ್ಕೆ ಕಾರಣ ಸವೆದ ಕಾರ್ಬನ್ ಫಿಲ್ಟರ್. ಕಾರ್ಬನ್ ಹಿಡಿಯದೆ ಬಿಟ್ಟ ಕ್ಲೋರಿನ್ ಪೊರೆಯನ್ನು ತಿನ್ನುತ್ತದೆ. ಬೋರ್‌ವೆಲ್ ಕಾಲದಲ್ಲಿ ಈ ಭಯ ಇರಲಿಲ್ಲ. ಕಾವೇರಿಯ ಜೊತೆ ಕ್ಲೋರಿನ್ನೂ ಬಂದಿದೆ, ಕಾರ್ಬನ್ ಬದಲಿಸುವ ಅವಧಿ ಈಗ ಚಾಚಿಸುವಂತಿಲ್ಲ.

ಯಂತ್ರ ನಿಂತಾಗಲೂ ತ್ಯಾಜ್ಯ ಸುರಿಯುತ್ತಿದ್ದರೆ ಸೊಲೆನಾಯ್ಡ್ ವಾಲ್ವ್ (ಯಂತ್ರ ನಿಂತಾಗ ನೀರು ತಡೆಯುವ ವಿದ್ಯುತ್ ಕವಾಟ) ಮುಚ್ಚುತ್ತಿಲ್ಲ, ಕೆಲವು ನೂರು ರೂಪಾಯಿಯ ಬಿಡಿಭಾಗ. ಈ ಮನೆಯಲ್ಲಿ ‘ದಿನವಿಡೀ ಸುರಿಯುತ್ತದೆ’ ಎಂಬ ದೂರಿಗೆ ಅದೇ ಕಾರಣ. ಇನ್ನೊಂದು ಎಚ್ಚರ: ತ್ಯಾಜ್ಯದ ಕೊಳವೆಯಲ್ಲಿ ಬೆರಳುದ್ದದ ಒಂದು ತಡೆ ಇರುತ್ತದೆ, ಮೇಲೆ 300, 450 ಎಂಬಂಥ ಸಂಖ್ಯೆ, ನಿಮಿಷಕ್ಕೆ ಎಷ್ಟು ಮಿಲಿ ಬಿಡಬೇಕು ಎಂಬುದದು. ನೀರು ಉಳಿಸುತ್ತೇನೆಂದು ಅದನ್ನು ಸಣ್ಣದಕ್ಕೆ ಬದಲಿಸಿಕೊಡುವವರಿದ್ದಾರೆ. 540 ಗಡಸಿನ ನೀರಿನಲ್ಲಿ ಹಾಗೆ ಮಾಡಿದರೆ ಕೆಲವೇ ತಿಂಗಳಲ್ಲಿ ಪೊರೆ ಸುಣ್ಣದ ಕಲ್ಲು.

ಇಪ್ಪತ್ತೆಂಟು ಲೀಟರ್

ಐದು ಜನರಿಗೆ ಕುಡಿಯಲು ದಿನಕ್ಕೆ ಹನ್ನೆರಡು ಹದಿಮೂರು ಲೀಟರ್, ಅನ್ನ, ಸಾರು, ಕಾಫಿ, ಅಕ್ಕಿ ಬೇಳೆ ತೊಳೆಯುವುದಕ್ಕೆ ಹದಿನೈದು. ಒಟ್ಟು 28. ನಗರದ ಮಾನದಂಡದಂತೆ ತಲೆಗೆ 135 ಲೀಟರ್ ಹಿಡಿದರೆ ಇಡೀ ಮನೆಯ ಬಳಕೆ 675. ಬಾಯಿಗೆ ಹೋಗುವ ನೀರು ಅದರಲ್ಲಿ ಶೇ 4. ಈ ಶೇ 4ಕ್ಕಾಗಿ ಯಂತ್ರದಲ್ಲಿ ಬೋರ್‌ವೆಲ್ಲನ್ನು ಕಾವೇರಿಯಾಗಿಸುವುದೋ, ಕಾವೇರಿಯನ್ನು ಬೋರ್‌ವೆಲ್ಲಿಗೆ ಬೆರೆಯದಂತೆ ಕಾಪಾಡುವುದೋ? ಪ್ರಶ್ನೆ ಹೀಗೆ ಎದ್ದ ಮೇಲೆ ಅಂಗಡಿಗಿಂತ ಪ್ಲಂಬರ್ ಹತ್ತಿರವಾದ.

ಕ್ಯಾನಿನ ಲೆಕ್ಕ ಇಲ್ಲೇ ಮುಗಿಯುತ್ತದೆ. 20 ಲೀಟರಿಗೆ 60 ರೂಪಾಯಿಯಂತೆ 28 ಲೀಟರ್ ಕ್ಯಾನಿನಿಂದಲೇ ಅಂದರೆ ತಿಂಗಳಿಗೆ 42 ಕ್ಯಾನು, 2,520 ರೂಪಾಯಿ. ಕುಡಿಯಲು ಮಾತ್ರ ಎಂದರೆ ಅಗ್ಗ, ಆದರೆ ಸಾರು, ಅನ್ನದಲ್ಲಿ ನೈಟ್ರೇಟ್ ಉಳಿದೇ ಉಳಿಯುತ್ತದೆ. ಸೀಲಿಲ್ಲದ, ತಾರೀಕಿಲ್ಲದ ಕ್ಯಾನಿನ ಮಾತು ಬೇರೆಯೇ.

ಕೊಳಾಯಿ ಕೆಲಸ ಹೀಗೆ ನಡೆಯಿತು. ಮೀಟರಿನಿಂದ ಬರುವ ಕಾವೇರಿ ಪೈಪು ನೇರ ಸಂಪಿಗೆ ಹೋಗುವ ಬದಲು ಪಕ್ಕದಲ್ಲಿ ನೆಲದ ಮೇಲೇ ಇಟ್ಟ 500 ಲೀಟರಿನ ಟ್ಯಾಂಕಿಗೆ ಮೇಲಿನಿಂದ ಬೀಳುತ್ತದೆ. ಎದುರು ಬದಿಯಲ್ಲಿ, ಒಳಬರುವ ಪೈಪಿಗಿಂತ ಹದಿನೈದು ಸೆಂಟಿಮೀಟರ್ ಕೆಳಗೆ, ಒಂದೂವರೆ ಇಂಚಿನ ಹೊರಪೈಪು. ಅದು ಸಂಪಿಗೆ ಇಳಿಯುತ್ತದೆ. ಅಂದರೆ ಕಾವೇರಿಯೆಲ್ಲ ಮೊದಲು ಸಣ್ಣ ಟ್ಯಾಂಕು ತುಂಬಿ, ಉಕ್ಕಿದ್ದು ಸಂಪಿಗೆ. ವಾರಕ್ಕೆರಡು ಸಲ ಸಾವಿರಾರು ಲೀಟರ್ ಹೀಗೆ ಹರಿದುಹೋಗುವುದರಿಂದ ಟ್ಯಾಂಕಿನ ನೀರು ಹಳಸುವುದಿಲ್ಲ. ಇದೇ ಕೆಲಸಕ್ಕೆ ಟೀ ಹಾಕಿ ಎರಡು ಕವಲು ಮಾಡಿದ್ದರೆ ನೀರು ಮೇಲೆ ಹತ್ತುವ ಬದಲು ತಗ್ಗಿನ ಸಂಪಿಗೇ ಓಡಿ ಟ್ಯಾಂಕು ಬರಿದಾಗಿ ಉಳಿಯುತ್ತಿತ್ತು.

ಮುಂಚೆಯೇ ನೋಡಬೇಕಾದದ್ದು ಒತ್ತಡ. ನೀರು ಬರುವ ದಿನ ಮೀಟರಿನ ಪೈಪಿಗೆ ಹೋಸ್ ಸಿಕ್ಕಿಸಿ ನಾಲ್ಕಡಿ ಎತ್ತಿ ಹಿಡಿದಾಗ ನೀರು ಬಂದರೆ ನೆಲದ ಮೇಲಿನ ಟ್ಯಾಂಕು ತುಂಬುತ್ತದೆ. ಬಾರದಿದ್ದರೆ ಸಂಪಿನೊಳಗೇ ಗೋಡೆ ಕಟ್ಟಿ ಭಾಗ ಮಾಡಬೇಕಾಗುತ್ತದೆ. ಜಲಮಂಡಳಿಯ ಪೈಪಿಗೆ ನೇರ ಮೋಟಾರ್ ಹಚ್ಚಿ ಎಳೆಯುವುದು ಅಪರಾಧ, ಪಕ್ಕದ ಮನೆಯ ಕೊಳಚೆಯನ್ನು ಪೈಪಿನ ಬಿರುಕಿನಿಂದ ಒಳಗೆಳೆದುಕೊಳ್ಳುವ ದಾರಿಯೂ ಹೌದು.

500ರ ಟ್ಯಾಂಕಿನಿಂದ ಅರ್ಧ ಎಚ್‌ಪಿ ಪಂಪು ತಾರಸಿಯ ಮೇಲಿನ 200 ಲೀಟರಿನ ಟ್ಯಾಂಕಿಗೆ ಏರಿಸುತ್ತದೆ, ವಾರಕ್ಕೊಮ್ಮೆ ಹಾಕಿದರೆ ಸಾಕು. ಅಲ್ಲಿಂದ ಅಡುಗೆಮನೆಗೆ ಪ್ರತ್ಯೇಕ ಮುಕ್ಕಾಲು ಇಂಚಿನ ಸಿಪಿವಿಸಿ ಪೈಪು, ಒಂದು ನಲ್ಲಿ, ಒಂದು ಯುವಿ ಜೊತೆಗೆ ಯುಎಫ್ ಇರುವ ಯಂತ್ರ. ಎರಡೂ ಟ್ಯಾಂಕು ತುಂಬಿದ್ದರೆ 700 ಲೀಟರ್, ಕಾವೇರಿ ನಿಂತರೂ ಇಪ್ಪತ್ತೈದು ದಿನ. 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ ಬೇಸಿಗೆಯನ್ನು ನೆನೆದರೆ ಈ ಇಪ್ಪತ್ತೈದು ದಿನಕ್ಕೆ ಬೆಲೆಯಿದೆ.

ಮೊದಲ ವಾರವೇ ಒಂದು ಎಡವಟ್ಟಾಯಿತು. ಬೆಳಗಿನ ಜಾವ ಮೂರಕ್ಕೆ ನೀರು ಬಂತು, ಸಂಪು ಮೊದಲೇ ತುಂಬಿತ್ತು, ಸಂಪಿನ ಬಾಲ್ ವಾಲ್ವ್ ಮುಚ್ಚಿಕೊಂಡಿತು, ಉಕ್ಕಿದ ನೀರಿಗೆ ದಾರಿಯಿಲ್ಲದೆ ಸಣ್ಣ ಟ್ಯಾಂಕಿನ ಮುಚ್ಚಳ ಎತ್ತಿಕೊಂಡು ಅಂಗಳಕ್ಕೆ ಹರಿಯಿತು. ಸಣ್ಣ ಟ್ಯಾಂಕಿನ ಒಳಪೈಪಿಗೂ ಒಂದು ಬಾಲ್ ವಾಲ್ವ್ ಬೇಕಿತ್ತು, ಹೊರಪೈಪಿನ ಮಟ್ಟಕ್ಕಿಂತ ಮೇಲೆ ಮುಚ್ಚುವಂತೆ. ಸಂಪು ತುಂಬಿದಾಗ ಟ್ಯಾಂಕಿನ ಮಟ್ಟ ನಾಲ್ಕು ಬೆರಳು ಏರುತ್ತದೆ, ಆ ವಾಲ್ವ್ ಮುಚ್ಚುತ್ತದೆ. ಎರಡನೇ ತೊಂದರೆ ಹೊಸ ಪೈಪಿನ ಮಣ್ಣು: ವಾಲ್ವಿನ ಬಾಯಿಗೆ ಸಿಕ್ಕಿ ಅದು ಅರೆ ತೆರೆದೇ ನಿಂತಿತು. ಮೀಟರಿನ ನಂತರ ಒಂದು ವೈ ಆಕಾರದ ಜಾಲರಿ ಹಾಕಿದ ಮೇಲೆ ಸರಿಹೋಯಿತು. ಜಾಲರಿಯನ್ನು ತಿಂಗಳಿಗೊಮ್ಮೆ ಬಿಚ್ಚಿ ತೊಳೆಯಲೇಬೇಕು.

ಯುವಿಗೆ ಬೇಕಾದ ಕಾಳಜಿ

254 ನ್ಯಾನೋಮೀಟರಿನ ಬೆಳಕು ಸೂಕ್ಷ್ಮಜೀವಿಯ ವಂಶಧಾತುವನ್ನೇ ಕೆಡಿಸುತ್ತದೆ, ಆದರೆ ಬೆಳಕು ಅದಕ್ಕೆ ತಗಲಬೇಕು. ನೀರು ಕದಡಿದ್ದರೆ ಕ್ರಿಮಿ ಮಣ್ಣಿನ ಕಣದ ನೆರಳಿನಲ್ಲಿ ಪಾರಾಗುತ್ತದೆ. ದೀಪದ ಸುತ್ತಲಿನ ಗಾಜಿನ ಕೊಳವೆಗೆ ಸುಣ್ಣ ಹತ್ತಿದರೆ ದೀಪ ಉರಿಯುತ್ತಿರುವಂತೆ ಕಂಡರೂ ಬೆಳಕು ಹೊರಬಾರದು. ಈ ಯಂತ್ರಕ್ಕೆ ಬೋರ್‌ವೆಲ್ ನೀರು ಬಿಡಬಾರದ ಎರಡನೇ ಕಾರಣ ಅದು. ದೀಪದ ಆಯುಸ್ಸು ಸುಮಾರು 8,000 ಗಂಟೆ. ಕಣ್ಣಿಗೆ ಕಾಣುವ ನೀಲಿ ಬೆಳಕು ಆಮೇಲೂ ಇರುತ್ತದೆ, ಕೊಲ್ಲುವ ಬೆಳಕು ಕುಗ್ಗಿರುತ್ತದೆ. ಹಾಕಿದ ತಾರೀಕನ್ನು ಯಂತ್ರದ ಬದಿಯಲ್ಲಿ ಮಾರ್ಕರಿನಿಂದ ಬರೆದಿಡುವುದು ಯಾವ ಸೂಚಕ ದೀಪಕ್ಕಿಂತಲೂ ನಂಬಿಕಸ್ಥ. ಕರೆಂಟು ಹೋದಾಗ ಯುಎಫ್ ಪೊರೆ ಬ್ಯಾಕ್ಟೀರಿಯವನ್ನು ತಡೆಯುತ್ತದೆ, ವೈರಾಣುಗಳಲ್ಲಿ ಕೆಲವು ನುಸುಳಬಹುದು. ಆಗ ಕೂಸಿನ ನೀರನ್ನು ಕುದಿಸಲೇಬೇಕು. ಕರೆಂಟು ಇದ್ದಾಗಲೂ ಕೂಸಿಗೆ ಕುದಿಸಿದ್ದೇ.

ಯುವಿ ದಾಟಿದ ನೀರಿನಲ್ಲಿ ಕಾವಲಿಗೆ ಏನೂ ಉಳಿದಿರುವುದಿಲ್ಲ. ಕೊಳಕು ಬಿಂದಿಗೆಗೆ ಹಿಡಿದರೆ ಮತ್ತೆ ಕೆಟ್ಟಿತು. ಬಿಂದಿಗೆ ಸ್ವಚ್ಛವಿರಲಿ; ಯಂತ್ರಕ್ಕೆ ಬರುವ ಮುಂಚೆ ನೀರು ಕೆಡದಂತೆ ಹಿಂದಿನ ಟ್ಯಾಂಕಿನಲ್ಲಿ ಕ್ಲೋರಿನ್ ಅಂಶ ಇರಿಸಿಕೊಳ್ಳಬೇಕು. ಬ್ಲೀಚಿಂಗ್ ಪುಡಿ ಹೊಸದಾಗಿದ್ದರೆ ಸುಮಾರು ಶೇ 33 ಕ್ಲೋರಿನ್. 30 ಗ್ರಾಂ ಪುಡಿಯನ್ನು ಪ್ಲಾಸ್ಟಿಕ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಬಸಿದುಕೊಂಡರೆ ಶೇ 1ರ ದ್ರಾವಣ. 500 ಲೀಟರಿಗೆ ಅದು 40 ಮಿಲಿ. ಒಂದು ಗಂಟೆ ಬಿಟ್ಟು ಕ್ಲೋರಿನ್ ಕಿಟ್ಟಿನಲ್ಲಿ ನೋಡಿದಾಗ 0.2ರಿಂದ 0.5 ಬಂದರೆ ಸರಿ. ಸೊನ್ನೆ ಬಂದರೆ ಇನ್ನೊಂದು 20 ಮಿಲಿ. ಪ್ರತಿ ಸಲ ಬೇಕಿಲ್ಲ, ನೀರು ಬಂದ ಮೂರನೇ ದಿನಕ್ಕೆ ಸೊನ್ನೆಯಾಗಿದ್ದರೆ ಮಾತ್ರ. ವಾಸನೆಯನ್ನು ಯಂತ್ರದ ಕಾರ್ಬನ್ ಹಿಡಿಯುತ್ತದೆ. ದ್ರಾವಣವನ್ನು ವಾರದೊಳಗೆ ಮುಗಿಸಬೇಕು, ಬೆಳಕಿಗಿಟ್ಟರೆ ಇನ್ನೂ ಬೇಗ ಸತ್ವ ಕಳೆಯುತ್ತದೆ. ಆಮ್ಲ ಇರುವ ಶೌಚಾಲಯದ ದ್ರಾವಣದ ಪಕ್ಕ ಪುಡಿ ಇಡಬಾರದು. ಎರಡೂ ಬೆರೆತರೆ ವಿಷಗಾಳಿ.

ಹಣ

ಎರಡು ಟ್ಯಾಂಕು 6,000, ಪಂಪು 3,500, ಪೈಪು, ವಾಲ್ವು 3,500, ಕೂಲಿ 3,000: ಒಟ್ಟು 16,000. ಯುವಿ ಯಂತ್ರ 9,000. ಸೇರಿ 25,000. ಹೊಸ ಆರ್‌ಓ 18,000. ಐದು ವರ್ಷಕ್ಕೆ ನೋಡಿದರೆ, ಮೊದಲ ವರ್ಷ ವಾರಂಟಿ ಎಂದು ಬಿಟ್ಟು, ಆರ್‌ಓ ನಿರ್ವಹಣೆ ವರ್ಷಕ್ಕೆ 5,500ರಂತೆ 40,000. ಯುವಿ ದಾರಿ ವರ್ಷಕ್ಕೆ 2,200ರಂತೆ 33,800. ಉಳಿತಾಯ ಆರು ಸಾವಿರದ ಆಸುಪಾಸು. ಐದು ವರ್ಷಕ್ಕೆ ಇದು ದೊಡ್ಡ ಮೊತ್ತವಲ್ಲ, ಹಣವೊಂದನ್ನೇ ನೋಡುವವರು ಹಳೆಯ ಆರ್‌ಓವನ್ನೇ ರಿಪೇರಿ ಮಾಡಿಸಿ ಇನ್ನೂ ಅಗ್ಗದಲ್ಲಿ ಸಾಗಬಹುದು. ತಕ್ಕಡಿ ಇತ್ತ ವಾಲಿದ್ದು ಚರಂಡಿ ಪಾಲಾಗುವ ನೀರಿನಿಂದ. ಬಕೆಟ್ ಪರೀಕ್ಷೆಯ ಪ್ರಕಾರ ಒಂದಕ್ಕೆ ನಾಲ್ಕು. 28 ಲೀಟರಿಗೆ ದಿನಕ್ಕೆ 112, ತಿಂಗಳಿಗೆ 3,360 ಲೀಟರ್. 6,000 ಲೀಟರಿನ ಟ್ಯಾಂಕರಿನಲ್ಲಿ ಅರ್ಧಕ್ಕಿಂತ ಹೆಚ್ಚು.

ಯಾರೂ ಲೆಕ್ಕಕ್ಕೆ ಹಿಡಿಯದ ಲಾಭವೊಂದಿತ್ತು. ಇಷ್ಟು ದಿನ ಅಡುಗೆಗೆ ಆರ್‌ಓ ನೀರು ಸಾಲದೆ ಬೇಳೆಗೆ ಬೆರಕೆ ನೀರನ್ನೇ ಇಡುತ್ತಿದ್ದರು. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಕಾಳು ಒಡೆಯಗೊಡದು. ತೊಗರಿಬೇಳೆ ಈಗ ಎರಡು ಕೂಗು ಕಡಿಮೆಗೇ ಬೇಯುತ್ತದೆ.

ಹಳೆಯ ಆರ್‌ಓ

ವಿನಿಮಯಕ್ಕೆ 1,500 ಕೊಡುತ್ತಾರೆಂದು ಮಗ ಅದನ್ನು ಕೊಟ್ಟುಬಿಡಲು ತಯಾರಿದ್ದ. ಕೊಡದಿದ್ದದ್ದೇ ಸರಿ. ಕಾವೇರಿ ತಿಂಗಳುಗಟ್ಟಲೆ ನಿಂತರೆ ನೈಟ್ರೇಟಿಗೆ ಅಡ್ಡ ನಿಲ್ಲುವುದು ಅದೊಂದೇ. ಸೊಲೆನಾಯ್ಡ್, ಸೆಡಿಮೆಂಟ್, ಕಾರ್ಬನ್ ಬದಲಿಸಿ, ಟಿಡಿಎಸ್ ತಿರುಪು ಮುಚ್ಚಿ, ಬಟ್ಟೆ ಒಗೆಯುವ ಜಾಗದಲ್ಲಿ, ಸಂಪಿನ ನೀರು ಏರುವ ತಾರಸಿಯ ದೊಡ್ಡ ಟ್ಯಾಂಕಿನ ಪೈಪಿಗೆ ಸಿಕ್ಕಿಸಲಾಯಿತು. ಒತ್ತಡ ಸಾಲುತ್ತದೆಯೇ ಎಂಬುದು ಇಲ್ಲಿನ ಪ್ರಶ್ನೆ. ಹತ್ತು ಮೀಟರ್ ಎತ್ತರಕ್ಕೆ ಒಂದು ಕಿಲೋ (ಚದರ ಸೆಂಟಿಮೀಟರಿಗೆ) ಒತ್ತಡ. ಆರ್‌ಓಗೆ ಕನಿಷ್ಠ 0.3 ಬೇಕೆಂದರೆ ಟ್ಯಾಂಕಿನ ತಳ ಯಂತ್ರಕ್ಕಿಂತ ಮೂರು ಮೀಟರ್ ಮೇಲಿರಬೇಕು. ನೆಲಮಹಡಿಗೆ ನಾಲ್ಕೂವರೆ ಮೀಟರ್ ಸಿಗುತ್ತದೆ. ಮೇಲಿನ ಬಾಡಿಗೆ ಮನೆಗೆ ಒಂದೂವರೆ ಮಾತ್ರ. ಅವರ ಯಂತ್ರ ಆಗಾಗ ತಾನೇ ನಿಲ್ಲುತ್ತಿದ್ದ ಗುಟ್ಟು ಹೀಗೆ ಅಕಸ್ಮಾತ್ ಬಯಲಾಯಿತು.

ಒಣಗಲು ಬಿಟ್ಟ ಪೊರೆ ಹಾಳಾಗುತ್ತದೆ, ನಿಂತ ನೀರಿನ ಪೊರೆಯಲ್ಲಿ ಲೋಳೆ ಬೆಳೆಯುತ್ತದೆ. ವಾರಕ್ಕೊಮ್ಮೆ, ಒಗೆಯುವ ದಿನ, ಇಪ್ಪತ್ತು ನಿಮಿಷ ಓಡಿಸಿ ಶುದ್ಧ ನೀರನ್ನೂ ತ್ಯಾಜ್ಯವನ್ನೂ ಒಂದೇ ಬಕೆಟ್ಟಿಗೆ ಬಿಟ್ಟರೆ ಆ ಬಕೆಟ್ಟು ನೆಲ ಒರೆಸಲು.

ಮೂರು ತಿಂಗಳ ನಂತರದ ಮಾದರಿಯಲ್ಲಿ ಯುವಿ ನಲ್ಲಿ: ನೈಟ್ರೇಟ್ 7, ಕೋಲಿಫಾರ್ಮ್ ಇಲ್ಲ. 200 ಲೀಟರಿನ ಟ್ಯಾಂಕಿನ ಮಾದರಿಯಲ್ಲಿ ಮಾತ್ರ ಕೋಲಿಫಾರ್ಮ್ ಕಂಡಿತು. ಮುಚ್ಚಳದ ಅಂಚು ಬಿಸಿಲಿಗೆ ಸೊಟ್ಟಗಾಗಿ ಬೆರಳು ತೂರುವಷ್ಟು ಸಂದು ಬಿಟ್ಟಿತ್ತು, ಒಳಗೆ ಹಲ್ಲಿಯ ಹಿಕ್ಕೆ. ಹೊಸ ಮುಚ್ಚಳ 180 ರೂಪಾಯಿ. ಬಾಡಿಗೆಯವರ ಅಡುಗೆಮನೆಗೂ ಅದೇ ಟ್ಯಾಂಕಿನಿಂದ ಒಂದು ಕವಲು ಕೊಡುವ ಮಾತು ನಡೆದಿದೆ. ಕೊಟ್ಟರೆ ಇಪ್ಪತ್ತೈದು ದಿನದ ದಾಸ್ತಾನು ಹದಿನಾಲ್ಕಕ್ಕೆ ಇಳಿಯುತ್ತದೆ, ಕೆಳಗಿನದನ್ನು 750 ಲೀಟರಿಗೆ ಏರಿಸಬೇಕಾಗುತ್ತದೆ.